ನಾಲಿಗೆಯ ಮೇಲಿನ ಭಂಡಾರ

ಬೆಂಗಳೂರು
೮ ಮಾರ್ಚ್ ೨೦೨೫

ಅನುಸೂಯಾ,

ಪಂಪಾಪತಿ ಫೋನಿನಲ್ಲಿ ಎಲ್ಲಾ ಹೇಳಿರುತ್ತಾನೆ. ಆದರೂ ತಮ್ಮನ ಬಾಯಿಂದ ಹೇಳಿಸುವುದು ಬೇರೆ, ಗಂಡ ತಾನೇ ಹೇಳುವುದು ಬೇರೆ. ಅದಕ್ಕೇ ಈ ಕಾಗದ.

ಆಪರೇಷನ್ ಆಗಿ ಆರು ದಿನವಾಯಿತು. ಕುತ್ತಿಗೆಯ ಗಂಟು ತೆಗೆದಿದ್ದಾರೆ. ಮೂಲ ಇರುವುದು ನಾಲಿಗೆಯ ಬುಡದಲ್ಲಿ. ಅದಕ್ಕೆ ಮೂವತ್ತೈದು ಸಲ ಕರೆಂಟು, ಅಂದರೆ ರೇಡಿಯೇಷನ್ನು, ಕೊಡುತ್ತಾರಂತೆ. ಉಸಿರಾಡಲು ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟಿದ್ದಾರೆ, ಹಾಗಾಗಿ ಮಾತು ಬರುವುದಿಲ್ಲ. ಭತ್ತ ಕೊಯ್ಯುವ ಮಷಿನ್ನಿನ ಸದ್ದಿನ ಮೇಲೆ ಕೂಗಿ ಇಡೀ ಗದ್ದೆಗೆ ಕೇಳಿಸುತ್ತಿದ್ದವನು ಈಗ ನರ್ಸನ್ನು ಕರೆಯಬೇಕಾದರೆ ಮಂಚದ ಕಬ್ಬಿಣ ಬಡಿಯುತ್ತೇನೆ. ಪಂಪಾಪತಿ ಒಂದು ನೋಟುಬುಕ್ಕು ತಂದುಕೊಟ್ಟಿದ್ದಾನೆ. ಎಲ್ಲರ ಜೊತೆಗೂ ಅದರಲ್ಲೇ ಬರೆದು ಮಾತಾಡುತ್ತೇನೆ. ನಿನ್ನದು ಬಟನ್ ಫೋನು, ಅದಕ್ಕೆ ಕನ್ನಡ ಬರುವುದಿಲ್ಲ. ಬಂದರೂ ಮೊದಲು ಓದುವವಳು ಸುರೇಖಾ.

ಡಾಕ್ಟರಮ್ಮ ತಂಬಾಕು ಕೇಳಿದರು, ಗುಟ್ಕಾ ಕೇಳಿದರು, ಬೀಡಿ ಕೇಳಿದರು. ಯಾವುದೂ ಇಲ್ಲ ಅಂದಾಗ ಪಂಪಾಪತಿಯನ್ನು ಹೊರಗೆ ಕಳಿಸಿ ಇನ್ನೂ ಕೆಲವು ಮಾತು ಕೇಳಿದರು. ಹಳೆಯ ಮಾತು, ಊರೂರು ತಿರುಗಿದ ಕಾಲದ್ದು. ಬರೆಯುವಂಥದ್ದೇನಿಲ್ಲ. ಭತ್ತದ ಧೂಳಿನಿಂದ ಆಗಿರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು. ಗಂಗಾವತಿ ದವಾಖಾನೆಯಲ್ಲಿ ಹೆಂಗಸರಿಗೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡುತ್ತಾರಂತೆ. ಹೋಗಿ ಮಾಡಿಸಿಕೋ. ಇಲ್ಲಿ ಎಲ್ಲ ರೋಗಿಗಳ ಮನೆಯವರಿಗೂ ಹಾಗೆ ಹೇಳುತ್ತಾರೆ, ವಿಶೇಷವೇನಿಲ್ಲ.

ಅವ್ವನಿಗೆ ನಾನು ಉಣ್ಣುತ್ತಿದ್ದೇನೆ ಅಂತ ಹೇಳು.

ದುರಗೇಶ


ಹುಲಿಹೈದರ
೧೯ ಮಾರ್ಚ್ ೨೦೨೫

ಸುರೇಖಾಳ ಅಪ್ಪನವರಿಗೆ ಅನುಸೂಯಾ ಮಾಡುವ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಜೀವ ಬಂತು. ಅತ್ತೆಗೆ ಓದಿ ಹೇಳಿದೆ, ಗಂಟಲಿನ ತೂತಿನ ಸಾಲು ಮಾತ್ರ ಬಿಟ್ಟೆ.

ಇಲ್ಲಿ ನಿಮ್ಮನ್ನು ಕೇಳಲು ಬರುವವರು ಬಾಳೆಹಣ್ಣು ತರುತ್ತಾರೆ, ಜೊತೆಗೆ ಮಾತೂ ತರುತ್ತಾರೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ. ಮೊನ್ನೆ ಹಿಟ್ಟಿನ ಗಿರಣಿಯಲ್ಲಿ ಹನುಮಂತಮ್ಮ ಎಲ್ಲರಿಗೂ ಕೇಳುವಂತೆ ಅಂದಳು: "ಎಲಿ ಅಡಿಕಿ ಸೈತ ಮುಟ್ಟದಾಂವಗ ನಾಲಿಗಿಗೇ ಯಾಕ ಬಂತವ್ವಾ? ದುರಗಮ್ಮನ ಭಂಡಾರ ಸುಮ್ಮನ ಬಿಡಂಗಿಲ್ಲ." ನಾನು ಹಿಟ್ಟು ತೆಗೆದುಕೊಳ್ಳದೆ ಮನೆಗೆ ಬಂದೆ.

ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಅದು ನಿನ್ನೆ ಆದಂತಿದೆ. ಸುರೇಖಾಗೆ ಆಗ ಒಂದು ವರ್ಷ. ತೆಲಂಗಾಣದ ಸುಗ್ಗಿ ಮುಗಿಸಿ ಬಂದಿದ್ದಿರಿ. ಅಲ್ಲಿ ನಿಮಗೆ ಇನ್ನೊಬ್ಬಳಿದ್ದಾಳೆ ಅಂತ ಯಾರೋ ಹಚ್ಚಿಕೊಟ್ಟರು. ನಾನು ಕೂಸನ್ನು ಎತ್ತಿಕೊಂಡು ತವರಿಗೆ ಹೋದೆ. ಆಣೆ ಹಾಕಿದರೇ ಬರುತ್ತೇನೆ ಅಂತ ಹಟ ಹಿಡಿದೆ. ನೀವು ಬಂದು ಗುಡಿಯ ಮುಂದೆ ನಿಂತಿರಿ. ಪೂಜಾರಿ ಮುದಿಯಪ್ಪ ನಿಮ್ಮ ನಾಲಿಗೆಯ ಮೇಲೆ ದೇವಿಯ ಅರಿಶಿನದ ಭಂಡಾರ ಹಾಕಿದ. "ನಾ ಯಾರ ಕೂಡಾನೂ ಹೋಗಿಲ್ಲ" ಅಂತ ಹೇಳಿ ನುಂಗಿದಿರಿ. ಅದೇ ನಾಲಿಗೆಗೆ ಈಗ ಹೀಗಾಗಿದೆ.

ಗಿರಣಿಯಿಂದ ಬಂದವಳು ಮುದಿಯಪ್ಪನ ಹತ್ತಿರ ಹೋಗಿ ಅತ್ತೆ. ಅವನು ಹೇಳಿದ: "ಸುಳ್ಳು ಆಣಿ ಮಾಡಿದ್ರ ಆ ವರ್ಷಾನ ಕೆಡತಿದ್ದ. ಹದಿಮೂರು ವರ್ಷ ತಡಿಯಂಗಿಲ್ಲ ತಾಯಿ. ಇದು ಖರೇ ಮನಷ್ಯಾಗ ಆಣಿ ಹಾಕಿಸಿದಾಕಿದು ತಪ್ಪು. ನಿನ್ನ ಸಂಶೇನ ಹೋಗಿ ಅವನ ನಾಲಿಗಿ ಮ್ಯಾಲ ಕುಂತೈತಿ."

ಕೇಳಿ ನೆಲ ಬಾಯಿಬಿಡಬಾರದೇ ಅನಿಸಿತು. ನಿಮ್ಮ ಗಂಟಲಿಗೆ ತೂತು ಹಾಕಿಸಿದವಳು ನಾನೇ.

ತಪ್ಪಿಗೆ ನೇಮ ಹೇಳಿದ್ದಾನೆ. ಹನ್ನೊಂದು ಮಂಗಳವಾರ ಬಿಡದೆ ಒದ್ದೆ ಸೀರೆಯಲ್ಲಿ ಮನೆಯಿಂದ ಗುಡಿಯವರೆಗೆ ಹೆಜ್ಜೆಹೆಜ್ಜೆಗೂ ಅಡ್ಡಬಿದ್ದು ಎದ್ದು ದೀಡನಮಸ್ಕಾರ ಹಾಕಬೇಕು. ನೇಮ ಮುಗಿಯುವವರೆಗೆ ಮೈಗೆ ಸೂಜಿ, ಔಷಧಿ, ದವಾಖಾನೆ ಸೋಕಬಾರದು. ನಡುವೆ ಒಂದು ವಾರ ತಪ್ಪಿದರೆ ಮತ್ತೆ ಒಂದರಿಂದ. ಹೆಂಗಸಿಗೆ ಹನ್ನೊಂದು ವಾರ ಸತತ ಗುಡಿ ಮೆಟ್ಟಿಲು ಹತ್ತುವುದು ಆಗುವ ಮಾತಲ್ಲ. ಆದರೆ ನನಗೆ ಮುಟ್ಟು ನಿಂತು ಎರಡು ವರ್ಷವಾಯಿತಲ್ಲ, ಅದಕ್ಕೇ ಧೈರ್ಯದಿಂದ ಒಪ್ಪಿದೆ. ನಿನ್ನೆ ಮೊದಲನೆಯದು ಆಯಿತು. ಮೊಣಕಾಲು ತರಚಿದೆ, ಅಷ್ಟೇ.

ಪರೀಕ್ಷೆಯ ಮಾತು ನೇಮ ಮುಗಿದ ಮೇಲೆ ನೋಡೋಣ. ಸಾಲಿಯ ಬಿಸಿಯೂಟದ ಹಂಡೆ ಒಬ್ಬಳೇ ಇಳಿಸುತ್ತೇನೆ, ನನಗೇನಾಗಿದೆ.

ನನ್ನನ್ನು ಕ್ಷಮಿಸಿದ್ದೀರಿ ಅಂತ ಒಂದು ಸಾಲು ಬರೆಯಿರಿ.

ಅನುಸೂಯಾ


ಬೆಂಗಳೂರು
೫ ಏಪ್ರಿಲ್ ೨೦೨೫

ಅನುಸೂಯಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಮೂರು ಸಲ ಕೂತು ಬರೆದೆ, ಮೂರು ಹಾಳೆ ಹಾಳಾದವು. ಕೈಯಲ್ಲಿ ಶಕ್ತಿ ಇಲ್ಲ.

ಕರೆಂಟು ಶುರುವಾಗಿದೆ. ಮುಖಕ್ಕೆ ಸರಿಯಾಗಿ ಪ್ಲಾಸ್ಟಿಕ್ಕಿನ ಜಾಲರಿ ಮಾಡಿ, ಅದನ್ನು ಮೇಜಿಗೆ ಬಿಗಿಯುತ್ತಾರೆ. ಅಲ್ಲಾಡುವ ಹಾಗಿಲ್ಲ. ಒಳಗೆ ಒಬ್ಬನೇ. ಹೊರಗಿನಿಂದ ಬಾಗಿಲು ಹಾಕಿದಾಗ ಏನೇನೋ ನೆನಪಾಗುತ್ತದೆ. ಬಾಯೆಲ್ಲಾ ಹುಣ್ಣು. ಗಂಜಿಯೂ ಖಾರ ಅನಿಸುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದದ್ದು ಆಗಿಹೋಯಿತು. ಅವತ್ತು ನೀನು ಆಣೆ ಹಾಕಿಸಿದ್ದನ್ನು ನಾನು ಎಂದೋ ಮರೆತಿದ್ದೇನೆ. ಕ್ಷಮಿಸಿದ್ದೇನೆ ಅಂತಲೇ ತಿಳಿ.

ನೇಮದ ವಿಷಯ ದೇವರದ್ದು, ನಾನು ಬೇಡ ಅನ್ನಲಾರೆ. ಮೊಣಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೋ. ಅದು ಮುಗಿದ ಮೇಲಾದರೂ ಪರೀಕ್ಷೆ ಮಾಡಿಸಿಕೋ. ಆಸ್ಪತ್ರೆ ಫೈಲಿನಲ್ಲಿ ಬರೆಯಬೇಕಂತೆ. ತೀರಾ ಅವಸರವೇನಿಲ್ಲ.

ದುರಗೇಶ


ಹುಲಿಹೈದರ
೨೩ ಏಪ್ರಿಲ್ ೨೦೨೫

ಸುರೇಖಾಳ ಅಪ್ಪನವರಿಗೆ ನಮಸ್ಕಾರಗಳು.

ಕ್ಷಮಿಸಿದ್ದೇನೆ ಅಂತ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು. ಹದಿಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ನಾನಾಗಿದ್ದರೆ ಜಗಳಕ್ಕೊಮ್ಮೆ ಎತ್ತುತ್ತಿದ್ದೆ.

ನೇಮ ಮೂರು ವಾರ ಆಗಿತ್ತು. ನಾಲ್ಕನೆಯದಕ್ಕೆ ಒಂದು ಅಡ್ಡಿ ಬಂತು. ಮತ್ತೆ ಒಂದರಿಂದ ಹಿಡಿದೆ, ನಿನ್ನೆಗೆ ಎರಡಾಯಿತು. ನೀವು ಚಿಂತೆ ಮಾಡಬೇಡಿ, ನಾಲ್ಕು ವಾರ ತಡ, ಅಷ್ಟೇ.

ಸಾಲಿಗೆ ಬೇಸಿಗೆ ಸೂಟಿ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಲು ಹೋಗುತ್ತಿದ್ದೇನೆ. ಸೊಂಟ ನೋಯುತ್ತದೆ, ಬುಟ್ಟಿ ಹೊತ್ತು ಅಭ್ಯಾಸ ತಪ್ಪಿದೆ. ಕೆರೆ ದಂಡೆಗೆ ಆಶಾ ಕಾರ್ಯಕರ್ತೆ ತಾಜಬೀ ಯಾದಿ ಹಿಡಿದುಕೊಂಡು ಬಂದಿದ್ದಳು. "ಅಕ್ಕಾರ, ಶುಕ್ರವಾರ ಕ್ಯಾಂಪ್ ಐತ್ರಿ. ಬಾಯಿ ಪರೀಕ್ಷಾನೂ ಮಾಡ್ತಾರ, ಗರ್ಭಚೀಲದ್ದೂ ಮಾಡ್ತಾರ. ಅಣ್ಣಾರಿಗೆ ಹಂಗಾದ ಮ್ಯಾಲ ನೀವು ಮೊದಲ ಬರಬೇಕ್ರಿ" ಅಂದಳು. ನನ್ನ ನೇಮ ಮುಗಿಯಲಿ ಅಂದೆ. "ದೇವರೇನ್ ದವಾಖಾನಿಗೆ ಹೋಗಬ್ಯಾಡ ಅಂದಾನೇನ್ರಿ?" ಅಂತ ಕೇಳಿದಳು. ಅವಳಿಗೇನು ಗೊತ್ತು ನನ್ನ ತಪ್ಪು ಎಂಥದ್ದು ಅಂತ.

ನೀವು ಅವಸರವಿಲ್ಲ ಅಂತ ಬರೆದಿದ್ದು ಒಳ್ಳೆಯದಾಯಿತು. ತಾಜಬೀಗೂ ಅದನ್ನೇ ಹೇಳಿದೆ.

ಅನುಸೂಯಾ


ಬೆಂಗಳೂರು
೩೦ ಮೇ ೨೦೨೫

ಅನುಸೂಯಾ,

ನಿನ್ನ ಕಾಗದ ಬಂದ ಮೇಲೆ ಒಂದು ತಿಂಗಳು ಉತ್ತರ ಬರೆಯಲಾಗಲಿಲ್ಲ. ಕರೆಂಟು ಮುಗಿಯಿತು. ಮುಗಿಯುವ ಹೊತ್ತಿಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿ ಮತ್ತೆ ವಾರ್ಡಿಗೆ ಹಾಕಿದರು. ಮೂಗಿನಿಂದ ನಳಿಗೆ ಬಿಟ್ಟು ಹಾಲು ಹಾಕುತ್ತಾರೆ. ಕನ್ನಡಿ ನೋಡುವುದು ಬಿಟ್ಟಿದ್ದೇನೆ.

ಪಕ್ಕದ ಮಂಚದಲ್ಲಿ ಸಿಂಧನೂರು ಕಡೆಯ ಉಮರಸಾಬ ಅಂತ ಒಬ್ಬರಿದ್ದರು. ಲಾರಿ ಡ್ರೈವರು. ನನ್ನದೇ ರೋಗ, ಅದೇ ಜಾಗ. ಅವರಿಗೂ ಡಾಕ್ಟರಮ್ಮ ಅವೇ ಮಾತು ಕೇಳಿದ್ದರಂತೆ. ಅವರು ಹೆಂಡತಿ ಇಮಾಮಬೀಯನ್ನು ಊರಿಂದ ಕರೆಸಿ, ಮಗುವಿನ ಪಾಟಿಯ ಮೇಲೆ ಏನೋ ಬರೆದು ತೋರಿಸಿದರು. ಆಕೆ ಓದಿ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಅವರ ಎದೆಗೆ ಎಸೆದು ಹೊರಗೆ ಹೋದಳು. ಮರುದಿನ ತಾನೇ ಬಂದು ಪರೀಕ್ಷೆಗೆ ಕೂತಳು. ಏನೋ ಸಣ್ಣದು ಸಿಕ್ಕಿತಂತೆ. ಅಲ್ಲೇ ಸುಟ್ಟು ತೆಗೆದು ಸಂಜೆಗೆ ಕಳಿಸಿದರು. ಇಬ್ಬರೂ ಹೋದವಾರ ಊರಿಗೆ ಹೋದರು. ಬಸ್ಸಿನ ತನಕ ಆಕೆ ಅವರ ಜೊತೆ ಮಾತಾಡಲಿಲ್ಲ, ಆದರೆ ಚೀಲ ಮಾತ್ರ ತಾನೇ ಹೊತ್ತಳು. ಪಾಟಿಯ ಮೇಲೆ ಅವರು ಏನು ಬರೆದರೋ ನನಗೆ ಗೊತ್ತಿಲ್ಲ.

ನಿನಗೂ ಪರೀಕ್ಷೆ ಆದರೆ ಒಳ್ಳೆಯದಿತ್ತು. ಅಡ್ಡಿ ಬಂತು ಅಂದೆ, ಯಾರ ಮನೆಯ ಸೂತಕ? ನೇಮ ಎಲ್ಲಿಗೆ ಬಂತು?

ಊರಿಗೆ ಬಂದ ಮೇಲೆ ನಿನಗೆ ಕೂತು ಹೇಳುವ ಮಾತೊಂದಿದೆ.

ದುರಗೇಶ


ಹುಲಿಹೈದರ
೨೫ ಜೂನ್ ೨೦೨೫

ಸುರೇಖಾಳ ಅಪ್ಪನವರಿಗೆ ನಮಸ್ಕಾರಗಳು.

ನೇಮ ಎಲ್ಲಿಗೂ ಬಂದಿಲ್ಲ. ನಿನ್ನೆ ಮಂಗಳವಾರ ಮತ್ತೆ ಒಂದು.

ಸೂತಕವಲ್ಲ. ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ನಿಂತದ್ದು ಮತ್ತೆ ಶುರುವಾಗಿದೆ. ಶಿವರಾತ್ರಿಯ ಮುಂಚೆ ಒಂದು ದಿನ ಕಂಡಿತ್ತು, ಉಷ್ಣ ಅಂತ ಜೀರಿಗೆ ನೀರು ಕುಡಿದು ಸುಮ್ಮನಾದೆ. ನೇಮ ಹಿಡಿದ ಮೇಲೆ ಏಪ್ರಿಲ್ ಎಂಟಕ್ಕೆ ಬಂತು, ಎಣಿಕೆ ತಪ್ಪಿತು. ಮೇ ಆರಕ್ಕೆ ಬಂತು. ಇಪ್ಪತ್ತೇಳಕ್ಕೆ ಬಂತು. ಜೂನ್ ಹದಿನೇಳಕ್ಕೆ ಬಂತು. ನಡುನಡುವೆಯೂ ಇರುತ್ತದೆ, ಮಂಗಳವಾರ ಇಲ್ಲದಿದ್ದರೆ ಸಾಕು ಅಂತ ಕೈಮುಗಿಯುತ್ತೇನೆ. ಮೈಲಿಗೆಯಲ್ಲಿ ಗುಡಿ ಹತ್ತಿದೆ ಅಂತ ಆಗಬಾರದಲ್ಲ. ನಾತವೂ ಇದೆ. ಸುರೇಖಾ ಹತ್ತಿರ ಮಲಗಿದರೆ ನಾನೇ ದೂರ ಸರಿಯುತ್ತೇನೆ.

ಹೋದವಾರ ಸಾಲಿಯ ಅಡುಗೆ ಮನೆಯಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಹಂಡೆ ಇಳಿಸಲು ಮೇಷ್ಟ್ರು ಬಂದರು. ಅತ್ತೆ "ಪೂರ್ತಿ ನಿಲ್ಲೂ ಮುಂದ ಹಿಂಗ ಆಕ್ಕೈತಿ, ನನಗೂ ಆಗಿತ್ತು" ಅನ್ನುತ್ತಾರೆ.

ಮುದಿಯಪ್ಪ ಮಾತ್ರ ಬೇರೆ ಹೇಳಿದ: "ದೇವಿ ಒಪ್ಪವಲ್ಲಳು. ನಿನ್ನ ಮನಸಿನ್ಯಾಗ ಎಲ್ಲೋ ಒಂದ್ ಕಡಿ ಸಂಶೆ ಉಳದೈತಿ. ಅದನ್ನ ತಗಿ." ಖರೆ ಹೇಳುತ್ತೇನೆ, ಇತ್ತು. ಆ ವರ್ಷ ನಿಮ್ಮ ಚೀಲ ಒಗೆಯುವಾಗ ಒಳಗೆ ಒಂದು ಕೂದಲಿನ ಪಿನ್ನು ಸಿಕ್ಕಿತ್ತು, ಕೆಂಪು ಮಣಿಯದ್ದು. ನೀವು ಆಣೆ ಮಾಡಿದ ಮೇಲೂ ಅದನ್ನು ಬಿಸಾಡಿರಲಿಲ್ಲ, ಟ್ರಂಕಿನ ಮೂಲೆಯಲ್ಲಿ ಇಟ್ಟಿದ್ದೆ. ಮೊನ್ನೆ ತೆಗೆದು ಹಳ್ಳಕ್ಕೆ ಎಸೆದು ಬಂದೆ. ಈಗ ನನ್ನ ಮನಸ್ಸಿನಲ್ಲಿ ಏನೂ ಇಲ್ಲ. ಈ ಸಲ ಹನ್ನೊಂದೂ ಮುಗಿಯುತ್ತವೆ, ನಿಮಗೆ ಮಾತು ಬರುತ್ತದೆ.

ಊರಿಗೆ ಬಂದ ಮೇಲೆ ಹೇಳುವ ಮಾತು ಯಾವುದು? ಒಳ್ಳೆಯದಿದ್ದರೆ ಈಗಲೇ ಬರೆಯಿರಿ, ನನಗೂ ಏನಾದರೂ ಬೇಕು.

ಅನುಸೂಯಾ


ಬೆಂಗಳೂರು
೨ ಜುಲೈ ೨೦೨೫

ಅನುಸೂಯಾ,

ನಿನ್ನ ಕಾಗದ ನಿನ್ನೆ ಬಂತು. ಓದಿದವನೇ ಮೂಗಿನ ನಳಿಗೆ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದೆ. ಸಾಲು ನಿಂತಿತ್ತು, ನುಗ್ಗಿದೆ. ಅವರು ನಿನ್ನ ಕಾಗದ ಪೂರ್ತಿ ಓದಿದರು. "ಮುಟ್ಟು ನಿಂತ ಮೇಲೆ ರಕ್ತ ಬಂದರೆ ಒಂದು ದಿನವೂ ಕಾಯಬಾರದು. ನಾನು ಮಾರ್ಚಿನಲ್ಲೇ ಹೇಳಿದ್ದೆನಲ್ಲ, ನೀವು ಯಾವಾಗ ಹೇಳಿದಿರಿ?" ಅಂತ ಕೇಳಿದರು. ನೋಟುಬುಕ್ಕಿನಲ್ಲಿ "ಆಗಲೇ ಹೇಳಿದೆ" ಅಂತ ಬರೆದು ತೋರಿಸಿದೆ. ಅವರಿಗೂ ಸುಳ್ಳು ಹೇಳಿದೆ. ಹೊರಗೆ ಬಂದು ಪಂಪಾಪತಿಯಿಂದ ನಿನಗೆ ಫೋನು ಮಾಡಿಸಿದೆ. ನೀನು ಅವನಿಗೆ "ಹನ್ನೊಂದು ಮುಗೀಲಿ ತಡಿಯಪ್ಪಾ, ನಿಮ್ಮಣ್ಣನ ಜೀವದ ಮಾತು ಐತಿ" ಅಂದೆಯಂತೆ. ನಾನು ಫೋನು ಕಸಿದುಕೊಂಡೆ. ಗಂಟಲಿನ ತೂತಿನಿಂದ ಬರೀ ಗಾಳಿ ಬಂತು. ನೀನು ಹಲೋ ಹಲೋ ಅಂದು ಇಟ್ಟೆ.

ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಾನು ಮಾಡಿದ್ದು ಸುಳ್ಳು ಆಣೆ. ಆ ಪಿನ್ನು ಅವಳದೇ. ಮಷಿನ್ನಿನವರಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಮೂರು ಸುಗ್ಗಿ ಅವಳ ಹತ್ತಿರ ಹೋದೆ. ಬೇರೆ ಊರಿನಲ್ಲಿಯೂ ಹೋಗಿದ್ದೆ. ಭಂಡಾರವನ್ನು ನಾನು ನುಂಗಲಿಲ್ಲ. ನಾಲಿಗೆಯ ಕೆಳಗೆ ಒತ್ತಿ ಹಿಡಿದುಕೊಂಡೆ. ನುಂಗದಿದ್ದರೆ ಆಣೆ ತಾಕುವುದಿಲ್ಲ ಅಂತ ನಮ್ಮ ಕಡೆ ಗಂಡಸರು ಅಂದುಕೊಳ್ಳುತ್ತಾರಲ್ಲ, ಅದನ್ನು ನಂಬಿದೆ. ಬೇವಿನ ಮರದ ಹಿಂದೆ ಹೋಗಿ ಉಗುಳಿದೆ. ಕೈಕಾಲು ತೊಳೆದು ಬಂದು ನಿನ್ನ ಕೈಯಿಂದ ಕೂಸನ್ನು ಎತ್ತಿಕೊಂಡೆ.

ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಇದು ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬಂದದ್ದು. ಮೈಗೆ ಮೈ ಸೇರಿದಾಗ ಅಂಟುತ್ತದೆ, ಬಾಯಿಗೂ ಅಂಟುತ್ತದೆ. ಬಹಳ ಮಂದಿಯಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಹತ್ತಿಪ್ಪತ್ತು ವರ್ಷ ಸುಮ್ಮನೆ ಕೂತು ಗಡ್ಡೆಯಾಗುತ್ತದೆ. ನನಗೆ ನಾಲಿಗೆಯ ಬುಡದಲ್ಲಿ ಆಯಿತು. ಹೆಂಗಸರಿಗೆ ಗರ್ಭಕೋಶದ ಬಾಯಿಯಲ್ಲಿ ಆಗುತ್ತದೆ. ಯಾರಿಂದ, ಯಾವಾಗ ಬಂತು ಅಂತ ಹೇಳಲು ಬರುವುದಿಲ್ಲ ಅಂದರು. ನಾನು ಆ ಒಂದು ಮಾತಿನ ಹಿಂದೆ ನಾಲ್ಕು ತಿಂಗಳು ಅಡಗಿ ಕೂತೆ.

ನಿನ್ನದು ಏನೂ ತಪ್ಪಿಲ್ಲ. ನಿನ್ನ ಸಂಶಯ ಖರೆ ಇತ್ತು. ನೀನು ಕ್ಷಮಿಸು ಅಂದಾಗ ಕ್ಷಮಿಸಿದ್ದೇನೆ ಅಂತ ಬರೆದೆನಲ್ಲ, ಆ ಕಾಗದವನ್ನು ದೇವರ ಜಗಲಿಯಿಂದ ತೆಗೆದು ಒಲೆಗೆ ಹಾಕು. ನೇಮ ಬಿಡು. ಮಂಗಳವಾರ ಕಾಯಬೇಡ. ತಾಜಬೀಯನ್ನು ಕರೆದುಕೊಂಡು ಇವತ್ತೇ ಬಸ್ಸು ಹತ್ತು.

ದುರಗೇಶ


ಕೊಪ್ಪಳ
೯ ಆಗಸ್ಟ್ ೨೦೨೫

ದುರಗೇಶ,

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನಿಮ್ಮ ಹೆಸರು ಬರೆದೆ. ಗಂಗಾವತಿಯಲ್ಲಿ ಚೀಟಿ ಮಾಡಿಸುವಾಗ ಗಂಡನ ಹೆಸರು ಕೇಳಿದರು. ತಾಜಬೀ ಹೇಳಲು ಹೊರಟಳು. ನಾನೇ ಬಾಯಿಬಿಟ್ಟು ಹೇಳಿದೆ. ನೀನು ಅಂತ ಬರೆಯಲು ಮಾತ್ರ ಕೈ ಬರಲಿಲ್ಲ.

ನಿಮ್ಮ ಕಾಗದ ಸೋಮವಾರ ಜುಲೈ ಏಳಕ್ಕೆ ಬಂತು. ಸಾಲಿಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಓದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳಿಗೆಲ್ಲ ಬಡಿಸಿದೆ. ಹಂಡೆ ತೊಳೆದೆ. ಆಮೇಲೆ ಮುದಿಯಪ್ಪನ ಹತ್ತಿರ ಹೋಗಿ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಅವನು "ಹಂಗಾದ್ರ ತಪ್ಪು ನಿಂದಲ್ಲ ಬಿಡವಾ, ನೇಮ ಬಿಡು" ಅಂದ. ಇಪ್ಪತ್ತು ಮೊಳ ಹಗ್ಗ ಹಾಕಿ ಕಟ್ಟಿದವನು ಒಂದೇ ಮಾತಿನಲ್ಲಿ ಬಿಚ್ಚಿದ. ಮರುದಿನ ಮಂಗಳವಾರ. ಗುಡಿಯ ಮುಂದೆಯೇ ಬಸ್ಸು ಹೋಯಿತು. ನಾನು ಕೈಮುಗಿಯಲಿಲ್ಲ.

ಗಂಗಾವತಿಯ ಡಾಕ್ಟರಮ್ಮ ನೋಡಿದ ಕೂಡಲೇ ಮುಖ ಸಣ್ಣ ಮಾಡಿದರು. ಚೂರು ತೆಗೆದರು, ಕೊಪ್ಪಳಕ್ಕೆ ಕಳಿಸಿದರು. ಸ್ಕ್ಯಾನ್ ಆಯಿತು. ಮೂರನೇ ಹಂತ ಅಂದರು, ಗರ್ಭಕೋಶ ದಾಟಿ ಪಕ್ಕಕ್ಕೆ ಹಬ್ಬಿದೆಯಂತೆ. ರಕ್ತ ಯಾವಾಗಿನಿಂದ ಅಂತ ಕೇಳಿದರು. ಶಿವರಾತ್ರಿಯಿಂದ ಅಂದೆ. "ಆಗ್ಲೇ ಬಂದಿದ್ರ ಆಪರೇಷನ್ನಿನ್ಯಾಗ ಮುಗೀತಿತ್ತೇನೋ ಅಮ್ಮಾ. ಇಷ್ಟು ದಿನ ಯಾಕ ಸುಮ್ಮನ ಕುಂತಿ?" ಅಂದರು. ಮಾರ್ಚಿನಲ್ಲಿ ನಿಮ್ಮ ಮೊದಲ ಕಾಗದ ಬಂದಾಗ ಅದರಲ್ಲಿ ಎರಡು ಸಾಲು ಖರೆ ಇದ್ದಿದ್ದರೆ ನಾನು ಲೋಟ ಅಲ್ಲ, ಹಂಡೆಯನ್ನೇ ಎಸೆಯುತ್ತಿದ್ದೆ. ಆದರೆ ಬಸ್ಸು ಹತ್ತುತ್ತಿದ್ದೆ.

ಸೋಮವಾರದಿಂದ ಹುಬ್ಬಳ್ಳಿಯಲ್ಲಿ ನನಗೂ ಕರೆಂಟು. ಅತ್ತೆಯನ್ನು ನೋಡಿಕೊಳ್ಳಲು ನನ್ನ ಅಕ್ಕ ವಿರೂಪಾಕ್ಷಮ್ಮ ಬಂದಿದ್ದಾಳೆ. ಇದೇ ರೋಗ ಬರದಂತೆ ಹೆಣ್ಣುಮಕ್ಕಳಿಗೆ ಲಸಿಕೆ ಇದೆ ಅಂತ ತಾಜಬೀ ಹೇಳಿದಳು. ಸುರೇಖಾಗೆ ಮೊದಲನೆಯದು ಹಾಕಿಸಿದೆ. ಕೈ ನೋವು ಅಂತ ಅತ್ತಳು, ಸಿಟ್ಟಿನಲ್ಲಿ ಒಂದು ಏಟು ಹೊಡೆದೆ. ಆಮೇಲೆ ನಾನೇ ಅವಳನ್ನು ಹಿಡಿದುಕೊಂಡು ಅತ್ತೆ.

ನಿಮ್ಮ ರಿಪೋರ್ಟು ಚಲೋ ಬಂದಿದೆ, ಗಡ್ಡೆ ಕರಗಿದೆ, ನಳಿಗೆ ತೆಗೆದಿದ್ದಾರೆ, ನಾಲ್ಕು ಮಾತು ಬರುತ್ತಿವೆ ಅಂತ ಪಂಪಾಪತಿ ಹೇಳಿದ. ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಆ ಸಂತೋಷಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಇಲ್ಲಿನ ಡಾಕ್ಟರನ್ನು ಕೇಳಿದೆ. ರೋಗಕ್ಕೂ ಆಣೆಗೂ ಸಂಬಂಧವಿಲ್ಲ, ಇಬ್ಬರದ್ದೂ ವೈರಸ್ಸಿನದ್ದು ಅಂದರು. ನಿಮ್ಮದಕ್ಕೆ ಇಲ್ಲದಿರಬಹುದು. ನನ್ನನ್ನು ಇಲ್ಲಿಗೆ ತಂದದ್ದು ಭಂಡಾರವೇ. ನೀವು ಬೇವಿನ ಮರದ ಹಿಂದೆ ಉಗುಳಿದ್ದನ್ನು ಹದಿಮೂರು ವರ್ಷ ನಾನು ನುಂಗಿದ್ದೇನೆ.

ನಿನ್ನೆ ಸುರೇಖಾ ನನ್ನ ಮಂಚದ ಪಕ್ಕ ಕೂತು ಕೇಳಿದಳು: "ಅವ್ವಾ, ಇಷ್ಟ ದಿನ ನೀ ಯಾಕ ದವಾಖಾನಿಗೆ ಹೋಗಲಿಲ್ಲ?"

"ನಿಮ್ಮಪ್ಪಗ ಈಗ ಮಾತು ಬರಾಕತ್ಯಾವು. ಬಂದ ಮ್ಯಾಲ ಅವರನ್ನ ಕೇಳು" ಅಂದೆ.

ನಿನ್ನೆಯಿಂದ ಅವಳು ಕೇಳುತ್ತಲೇ ಇದ್ದಾಳೆ, ನೀವು ಯಾವ ಬಸ್ಸಿಗೆ ಬರುತ್ತೀರಿ ಅಂತ.

ಅನುಸೂಯಾ